ಹಿಂತಲೆ ತೋರಿಸೋ ಕನ್ನಡಿ

ನೌಬಾದಿನಾಗ ನಂದು ಕಟಿಂಗ್ ಅಂಗಡಿ.
ಮಂಗಳವಾರ, ಗಿರಾಕಿ ಇಲ್ಲ.
ಸುರಂಗ ಬಾವಿ ಹೂಳು ತೆಗೆಯೋರು ಬಂದು
"ಬ್ಯಾಟರಿ ಸತ್ತಾವ, ನಿನ್ನ ಕನ್ನಡಿ ಕೊಡು" ಅಂದರು.
ಕನ್ನಡಿ ಒಂದನ್ನೇ ಹ್ಯಾಂಗ ಕಳಿಸಲಿ?
ಅದರ ಹಿಂದ ನಾನೂ ಹೋದೆ.

ಕೆಮ್ಮಣ್ಣಿನ ಬಯಲಿಗೆ ಒಂದು ಬಾಯಿ.
ಆಳ ಎಷ್ಟಂತ ಝರೆಪ್ಪ ಹರಳು ಬಿಟ್ಟ.
ಒಂದು,
ಎರಡು ಅನ್ನೋದರಾಗ
ಧುಬುಕ್.
ಮೊದಲು ನಿಧಾನ, ಆಮ್ಯಾಲ ಓಟ,
ಮನಿ ಹತ್ರ ಬಂದ ಎತ್ತಿನ ಹಂಗ.

ಅದೇ ಬಾಯಾಗ ನಾ ಬಿಸಿಲು ಬಿಟ್ಟೆ.
ಎಣಿಸಲಿಕ್ಕೆ ಒಂದೂ ಸಿಗಲಿಲ್ಲ.
ನಾ ಬಗ್ಗಿ ನೋಡೋದರೊಳಗ
ತಳದಾಗ ಕೂತುಬಿಟ್ಟಿತ್ತು.

ಆದರ ಬೆಳಕಿಗೆ ಹೊರಳೋದು ಗೊತ್ತಿಲ್ಲ,
ಕುತ್ತಿಗಿ ಸೆಟೆದ ಗಿರಾಕಿ ಇದ್ದಂಗ.
ಸುರಂಗ ಬಲಕ್ಕ, ಇದು ನೆಟ್ಟಗ ನೆಲಕ್ಕ.
ಹಿಂತಲೆ ತೋರಿಸೋ ಕೈಗನ್ನಡಿ
ಝರೆಪ್ಪನ ಜೇಬಿಗಿಟ್ಟು ಹಗ್ಗದಾಗ ಇಳಿಸಿದ್ವಿ.
"ಅರ್ಧ ಓರೆ ಹಿಡಿ!"
ಹಿಡಿದ.
ಅವನ ಎದಿ ಮಟ್ಟಕ್ಕ ಬೆಳಕು ಮಡಚಿಕೊಂಡು
ಒಳಗ ಹೋಯ್ತು:
ಕಲ್ಲಿನ ಮ್ಯಾಲ ಉಳಿ ಹೊಡೆದ ಗಾಯ,
ದಾರಿ ತಪ್ಪಿದ ಒಂದು ಬೇವಿನ ಬೇರು,
ಕಣ್ಣು ಮುಚ್ಚಿಕೊಂಡ ಕಪ್ಪಿ,
ಅದರಾಚೆ, ತೆಳ್ಳಗ, ನೀರು.
ಮೋಟರಿಲ್ಲ, ನೂಕೋರಿಲ್ಲ.
ಕೂದಲೆಳಿಯಷ್ಟು ಇಳಿಜಾರು,
ಅಷ್ಟಕ್ಕೇ ಹೊಂಟದ
ಸುಲ್ತಾನರ ಕಾಲದಿಂದ.

ಮ್ಯಾಲ ಸೂರ್ಯ ಸುಮ್ನಿರಂಗಿಲ್ಲ.
ಅಂವ ಎರಡು ಬೆರಳು ಸರಿದರ
ನನ್ನ ಕನ್ನಡಿ ಒಂದೇ ಬೆರಳು ಹೊರಳಬೇಕು.
ಯಾರೂ ಕಲಿಸಿದ್ದಲ್ಲ ಇದು.
ಮೊದಲ ಸಲ ಎರಡೂ ತಿರುವಿದೆ,
ಕೆಳಗ ಕತ್ತಲಾಯ್ತು,
ಝರೆಪ್ಪನ ಒಂದು ಬೈಗುಳ
ಗೋಡಿ ಗೋಡಿಗೆ ಬಡಿದು ನಾಕಾಗಿ ಮ್ಯಾಲ ಬಂತು.

ಹೂಳಿನ ಬುಟ್ಟಿ ಎಳೆದೂ ಎಳೆದೂ
ಎಲ್ಲರ ರಟ್ಟಿ ನಡುಗಾಕತ್ತಿದ್ದವು.
"ತಾಕತ್ತೆಲ್ಲ ಹೋಯ್ತು" ಅಂದೆ.
ಖಾಜಾಬೀ ನಕ್ಕಳು:
"ಎಲ್ಲಿ ಹೋಗ್ತದ? ಬುಟ್ಟ್ಯಾಗೇ ಅದ.
ಹಗ್ಗ ಬಿಟ್ಟು ನೋಡು,
ಒಂದೇ ಏಟಿಗೆ ವಾಪಸ್ ಕೊಡ್ತದ,
ಝರೆಪ್ಪನ ತಲಿಗಿ."
ಹಗ್ಗ ಇನ್ನೂ ಗಟ್ಟಿ ಹಿಡಿದೆ.

ಹೊತ್ತು ಇಳಿದಾಗ ಕನ್ನಡಿ ಬೆನ್ನಿಗೆ ಹೊತ್ತು ಹೊಂಟೆ.
ಅಂಗಿಯೊಳಗ ಬಿಸಿ ಹತ್ತಿತು.
ಬಂದ ಬಿಸಿಲನ್ನೆಲ್ಲ ಕೆಳಗ ಕಳಿಸ್ಯದ ಅಂದುಕೊಂಡಿದ್ದೆ;
ಇಲ್ಲ, ಜರಾ ಕಮಿಷನ್ ಹಿಡಕೊಂಡದ.

ಮೊಳಿಗೆ ತೂಗುಹಾಕಿ ನೋಡಿದೆ:
ನಂದೇ ಮಾರಿ, ಹಣಿ ತುಂಬ ಕೆಮ್ಮಣ್ಣು.
ಕೈಗನ್ನಡಿ ಝರೆಪ್ಪನ ಜೇಬಿನಾಗೇ ಉಳಿದದ.
ಅಂವ ಅದನ್ನ ತರೋತನಕ
ಗಿರಾಕಿಗಳು ತಮ್ಮ ಹಿಂತಲೆ
ನನ್ನ ಮಾತಿನ ಮ್ಯಾಲ ನಂಬಬೇಕು.