ಕೊನೆಯ ಹತ್ತು ಮನೆ

ಪಿಯಾನೋಗೆ ಎಂಬತ್ತೆಂಟು ಮನೆ,
ನನಗೆ ಎಪ್ಪತ್ತೊಂಬತ್ತು.
ಇನ್ನೊಂಬತ್ತು ವರ್ಷಕ್ಕೆ ಇಬ್ಬರೂ ಸರಿಸಮ ಅಂದರೆ
ಡಾಕ್ಟರ್ ಹಾಸ್ಮಿಕ್ ನಗಲಿಲ್ಲ.
ಕಾಗದದಲ್ಲಿ ಗುಡ್ಡದಿಂದ ಜಾರಿಬಿದ್ದ ಗೆರೆಯೊಂದನ್ನು ತೋರಿಸಿ
"ವಾರ್ಸೆನಿಕ್, ಇಲ್ಲಿಂದಾಚೆ ನಿಮಗೆ ಕೇಳುತ್ತಿಲ್ಲ" ಅಂದಳು.

ನನಗೆ ಗೊತ್ತಿತ್ತು.
ಹೋದ ಚಳಿಗಾಲದಿಂದ ಬಲತುದಿಯ ಹತ್ತು ಮನೆಗಳಲ್ಲಿ
ಯಾರೂ ಓಗೊಡುತ್ತಿರಲಿಲ್ಲ.
ತಟ್ಟಿದರೆ ಬರೀ ಮರದ ಟಕ್.
ದೀಪವಿದೆ, ಪರದೆಯಿದೆ, ಕದ ತೆರೆಯುವವರಿಲ್ಲ.

ಇನ್ನು ಕೂತು ಉಣ್ಣು ಅಂದರು ಮಹಡಿಯವರೆಲ್ಲ.
ಕೂತು ಉಂಡವಳಿಗೆ ಕುಡಿಕೆ ಹೊನ್ನೂ ಸಾಲದು,
ಮೊಣಕಾಲೂ ಸಾಲದು.
ಅಲ್ಲದೆ ಗ್ಯುಮ್ರಿಯಲ್ಲಿ ಶ್ರುತಿ ಮಾಡುವವರು ಉಳಿದಿರುವುದು
ನಾನು, ಮತ್ತೆ ಎರಡು ಲೋಟ ಇಳಿದ ಮೇಲಷ್ಟೇ
ಕಿವಿ ನೆಟ್ಟಗಾಗುವ ಲೆವೋನ್.
ನಾನು ಕೂತರೆ ಊರು ಅವನ ಪಾಲು.
ಅವನ ಮೇಲಿನ ಹಟಕ್ಕೂ ಎದ್ದೆ ಅನ್ನಿ.

ಮೊದಲು ಚೀಲ ಬಿಚ್ಚಿದೆ. ಏಳು ಕೆಜಿ.
ನಲವತ್ತು ವರ್ಷ ಹೊತ್ತು ಒಮ್ಮೆಯೂ ಮುಟ್ಟದ ಇಕ್ಕಳ,
ತೀರಿಹೋದವರ ವಿಳಾಸಗಳ ಪುಸ್ತಕ,
ಗಂಡನ ತುಕ್ಕು ಹಿಡಿದ ಸ್ಕ್ರೂಡ್ರೈವರ್.
ಇಕ್ಕಳ ತೆಗೆದೆ. ಪುಸ್ತಕ ತೆಗೆದೆ.
ಸ್ಕ್ರೂಡ್ರೈವರ್ ಹಗುರವೇ, ಇರಲಿ.

ಆಮೇಲೆ ಕೆಳಮನೆಯ ತಾತುಲ್‌ನನ್ನು ಕರೆದೆ.
ಹನ್ನೊಂದು ವರ್ಷ. ಲೆಕ್ಕದಲ್ಲಿ ದಡ್ಡ.
ಎರಡು ಮಹಡಿ ಕೆಳಗೆ ಅಮ್ಮ ಚಾಕೊಲೇಟ್ ಕಾಗದ ಬಿಚ್ಚಿದರೆ
ಅಂಗಳದಲ್ಲಿ ಚೆಂಡು ಬಿಟ್ಟು ಓಡುವ ಕಿವಿ.
ಮನೆಯೊಂದಕ್ಕೆ ಇಪ್ಪತ್ತು ದ್ರಾಮ್, ಹತ್ತು ಮನೆಗೆ ಇನ್ನೂರು,
ಜೊತೆಗೆ ಒಂದು ಹಿಡಿ ಒಣ ಜರ್ದಾಳು.
ಇಷ್ಟು ಲೆಕ್ಕ ಅವನಿಗೆ ತಕ್ಷಣ ಬಂತು.

ಇವತ್ತು ಅರುಸ್ಯಾಕ್ ಟೀಚರ ಮನೆ, ಐದನೇ ಮಹಡಿ.
ಲಿಫ್ಟು ಸತ್ತು ಯಾವ ಕಾಲವಾಯಿತೋ.
ಮೊದಲ ತಿರುವಲ್ಲಿ ಉಸಿರು, ಎರಡನೆಯದರಲ್ಲಿ ಬೆಕ್ಕು,
ಮೂರರಲ್ಲಿ ಯಾರದೋ ಈರುಳ್ಳಿ ಒಗ್ಗರಣೆ.
ನಾಲ್ಕರಲ್ಲಿ ಕೈಗಂಬಿ ಹಿಡಿದು ನಿಂತೆ,
ಮಾತಾಡುವ ನೆಪ ಮಾಡಿ.
ತಾತುಲ್ ಹೇಳಿದ: "ಅಜ್ಜಿ, ನೀವು ಮಾತೇ ಆಡ್ತಿಲ್ಲ."

ಪಿಯಾನೋ ಭೂಕಂಪದ ಕಲ್ಲುರಾಶಿಯಿಂದ ಎಳೆದು ತಂದದ್ದು,
ಹಿಂದಿನ ಒಂದು ಕಾಲಿಗೆ ಇವತ್ತಿಗೂ ಇಟ್ಟಿಗೆಯೇ ಆಸರೆ.
ಎಪ್ಪತ್ತೆಂಟು ಮನೆ ನಾನೇ ಮಾಡಿದೆ, ಎರಡೂವರೆ ತಾಸು.
ತಗ್ಗಿನ ತಂತಿಗಳು ಈಗಲೂ ನನ್ನ ಹೊಟ್ಟೆಗೇ ಮಾತಾಡುತ್ತವೆ.
ಆಮೇಲೆ ಸ್ಟೂಲು ಸರಿಸಿ ಹುಡುಗನಿಗೆ ಜಾಗ ಕೊಟ್ಟೆ.
"ಇವನ್ನು ಯಾರು ನುಡಿಸುತ್ತಾರೆ, ಬಿಡಿ" ಅಂದಳು ಟೀಚರ್,
ಕಾಫಿಯ ಬಟ್ಟಲು ಹಿಡಿದು.
ಯಾರೂ ನುಡಿಸುವುದಿಲ್ಲ, ನಿಜ.
ಬಳಸದ ಕೋಣೆಯೆಂದು ಗುಡಿಸದೆ ಬಿಟ್ಟರೆ
ಮೊದಲು ಬರುವುದು ಅಲ್ಲಿಗೇ, ಜೇಡ.

ನಾನು ಕೀಲಿ ತಿರುಗಿಸುತ್ತೇನೆ, ಅವನು ಕೇಳುತ್ತಾನೆ.
"ಇನ್ನೂ ಜಗಳ ಇದೆ, ಅಜ್ಜಿ."
ಕೂದಲೆಳೆಯಷ್ಟು.
"ಈಗ ಒಂದೇ ತಂತಿ ಗೊಣಗ್ತಿದೆ."
ಇನ್ನೂ ಅರ್ಧ ಕೂದಲು.
ನನಗೆ ಟಕ್, ಟಕ್.
ಒಮ್ಮೆಲೇ ಅವನ ಹುಬ್ಬು ಸಡಿಲವಾಗಿ,
ತೆರೆದ ಬಾಯಿ ತೆರೆದೇ ಉಳಿದು,
ಜರ್ದಾಳು ಜಗಿಯುವುದನ್ನೂ ಮರೆತಾಗ
ಕೈ ನಿಲ್ಲಿಸಿದೆ.
ಆ ಸ್ವರ ಹೇಗಿತ್ತೆಂದು ಕೇಳಲಿಲ್ಲ.
ನೋಡಿದ್ದು ಸಾಕಿತ್ತು.

ಇಳಿಯುವಾಗ ಅಂದ, ಮುಂದಿನ ವಾರದಿಂದ ಮುನ್ನೂರು.
ಯಾಕೋ, ಅಂದೆ.
"ಕೊನೆಯದು ಕಷ್ಟ, ಅಜ್ಜಿ."
ಇನ್ನೂರಿಪ್ಪತ್ತು ಅಂದೆ. ಇನ್ನೂರೆಂಬತ್ತು ಅಂದ.
ಚೌಕಾಸಿಯಲ್ಲಿ ಮೆಟ್ಟಿಲು ಎಣಿಸುವುದೇ ತಪ್ಪಿತು.
ಅಂಗಳಕ್ಕೆ ಬಂದಾಗ ಇನ್ನೂರೈವತ್ತು,
ಮೊಣಕಾಲು ನೆನಪಾದದ್ದು ಆಮೇಲೆ.