ಹಿಂದಕ್ಕ ಮಾರಿ

"ಕೂಸಿನ ಮಾರಿ ಹಿಂದಕ್ಕ್ಯಾಕ?
ನಿನ್ನ ಟಂಟಂದಾಗ ತಂದಿದ್ದೆ ನಾ,
ಇದೇ ತೊಡಿ ಮ್ಯಾಲ."
ಅವ್ವ ಸೀಟಿನ ಪಟ್ಟಿ ಜಗ್ಗಿ ನೋಡಿದಳು,
ತೊಟ್ಟಿಲ ಹಗ್ಗ ನೋಡಿದಂಗ.

ಕಮಲಾಪುರ ದಾಟಿದ ಮ್ಯಾಲ
ಅಡ್ಡ ಬಂತು ದೀಪ ಇಲ್ಲದ ಟ್ರ್ಯಾಕ್ಟರ್.
ಬ್ರೇಕ್.
ಆಗಷ್ಟೇ ಕೊಂಡ ಕೆಂಪು ಬಾಳೆಹಣ್ಣು
ಚೀಲ ಬಿಟ್ಟು ಹಾರಿದವು,
ತಂಬಗಿ ಗೇರಿಗೆ ಬಡೀತು,
ಅವ್ವನ ಹಣಿ ಮುಂದಿನ ಸೀಟಿಗೆ.
ಎರಡೂ ಕೈ ಗಾಳ್ಯಾಗ,
ಹಿಡಿಲಿಕ್ಕೆ ಏನೂ ಇಲ್ಲ.

ಕೂಸು ಮಾತ್ರ
ಸೀಟಿನ ಬೆನ್ನಿಗೆ ಒತ್ತಿಕೊಂಡು
ಹಿಂದಿನ ಗಾಜಿನ್ಯಾಗ
ಸಣ್ಣದಾಗೋ ತೊಗರಿ ಹೊಲ ನೋಡ್ಲಿಕತ್ತಿತ್ತು.

ಹುಮನಾಬಾದ ತನಕ ಮಾತಿಲ್ಲ.
ಆಮ್ಯಾಲ:
"ಎಷ್ಟು ದಿನ ಹಿಂಗ?"
"ಈ ಸೀಟು ಸಣ್ಣದಾಗೋ ತನಕ ಬೇ.
ಆಮ್ಯಾಲ ದೊಡ್ಡ ಸೀಟು, ಮುಂದಕ್ಕ ಮಾರಿ."
"ಅವಸರ ಮಾಡಬ್ಯಾಡ" ಅಂದಳು,
ಜಜ್ಜಿದ ಹಣ್ಣೊಂದು ಸುಲಿದಳು,
ತನ್ನ ಬೆಲ್ಟ್ ಎಲ್ಲದ ಅಂತ
ಕತ್ತಲದಾಗ ತಡಕಾಡಿದಳು.