ಕೆಳಗಿನ ಅಂಚು

ಹಲ್ ಎಂಬ ಊರಿನ ಹಲ್ಲಿನ ಡಾಕ್ಟರು
ಆಂಬ್ರೋಸ್ ಸ್ಕೆಲ್ಟನ್ ತೀರಿಕೊಂಡ ಮೇಲೆ
ಅವರ ಗರಾಜಿನಿಂದ ನನ್ನ ಶೆಡ್ಡಿಗೆ ಬಂದದ್ದು
ಬಿಸ್ಕತ್ತಿನ ಡಬ್ಬದಂಥ ಒಂದು ಚೌಕ ಕ್ಯಾಸೆಟ್ಟು.
ಒಳಗೆ ಒಂದರ ಹೆಗಲೇರಿ ಕೂತ ಇನ್ನೊಂದು ಸುರುಳಿ.
ಮೇಲೆ ಕೆಂಪು ಶಾಯಿ, ಔಷಧಿ ಚೀಟಿಯದೇ ಕೈಬರಹ:
ಕುದುರೆ ರೇಸು. ಯಾರೂ ಅಳಿಸಬೇಡಿ.

ಹಳೆಯ ಟೇಪು ಬೆವರುತ್ತದೆ, ಅಂಟುತ್ತದೆ,
ಹಾಗೇ ಓಡಿಸಿದರೆ ಚರ್ಮ ಸುಲಿದು ಬರುತ್ತದೆ.
ಹಣ್ಣು ಒಣಗಿಸುವ ಪೆಟ್ಟಿಗೆಯಲ್ಲಿ ಎಂಟು ಗಂಟೆ,
ಐವತ್ತನಾಲ್ಕು ಡಿಗ್ರಿ, ಹೆಚ್ಚಲ್ಲ ಕಮ್ಮಿಯಲ್ಲ,
ಬಾಣಂತಿಗೆ ಕೆಂಡದ ಕಾವು ಕೊಟ್ಟ ಹಾಗೆ.
ಇದೇ ನನ್ನ ಕಸುಬು. ಅಡುಗೆ ಮಾತ್ರ ಬರುವುದಿಲ್ಲ.

ಮೊದಲು ಕುದುರೆಗಳು. ಬೂದು ಬಣ್ಣದ ಹುಲ್ಲು.
ಅವು ಗೆರೆ ದಾಟಿದ್ದೇ ತಡ, ಪರದೆ ಒಮ್ಮೆ ಬಿಕ್ಕಿ
ಎಪ್ಪತ್ತಮೂರರ ಒಂದು ಸಂಜೆ ಬಂದು ನಿಂತಿತು:
ಎತ್ತರದ ಹಿಮ್ಮಡಿ, ಹೊಳೆವ ಕಾಲರು,
ಸೋಪಿನ ನೊರೆಯಂಥ ಹೊಗೆ.
ಮೊದಲ ಚರಣವನ್ನು ಕುದುರೆಗಳು ತುಳಿದು ಹಾಕಿವೆ.
ಉಳಿದದ್ದು ಎರಡು ನಿಮಿಷ ಐವತ್ತು ಸೆಕೆಂಡು.
ಅಸಲು ಟೇಪಿನ ಮೇಲೆ ಸ್ಟೇಷನ್ನಿನವರು ಆಗಲೇ
ಗುಲಾಬಿ ಗಿಡ ಸವರುವ ಪಾಠ ತುಂಬಿಸಿಕೊಂಡಿದ್ದರಂತೆ;
ಟೇಪು ದುಬಾರಿ, ಹಾಡು ಅಗ್ಗ, ಕಾಲ ಹಾಗಿತ್ತು.

ಥೆಲ್ಮಾ ಬ್ರಾಕಲ್ಸ್‌ಬಿ ಬಂದದ್ದು ಮಂಗಳವಾರ,
ಎಪ್ಪತ್ತನಾಲ್ಕು ವರ್ಷ, ಚಕ್ರದ ಸಂತೆಚೀಲ ಎಳೆದುಕೊಂಡು.
ಕಂಪನಿಯ ಒಪ್ಪಿಗೆಪತ್ರಕ್ಕೆ ಸಹಿ ಬೇಕಿತ್ತು.
ಡಿಸ್ಕಿನಲ್ಲಿ ಹದಿನೆಂಟು ತಂಡ, ಇವರದು ಹದಿನಾರನೆಯದು.
"ಸಹಿ ಆಮೇಲೆ. ನಾನು ಇದ್ದೀನಾ ಅದರಲ್ಲಿ?"

ಕ್ಯಾಮೆರಾ ಹಾಡುಗಾರನ ಗದ್ದಕ್ಕೆ ಅಂಟಿಕೊಂಡಿದೆ
ಬೆಲ್ಲಕ್ಕೆ ನೊಣದ ಹಾಗೆ.
ಅವನ ಗದ್ದ, ಅವನ ಬೆಲ್ಟು, ಮತ್ತೆ ಅವನ ಗದ್ದ.
ಡ್ರಮ್ಮಿನವನ ಅರ್ಧ ಕಿವಿ.
ನಾನು ಕುರ್ಚಿಯಲ್ಲೇ ಕುಗ್ಗುತ್ತಿದ್ದೆ.
"ನಿಲ್ಲಿಸು. ಹಿಂದಕ್ಕೆ. ಇನ್ನೂ."

ಪರದೆಯ ಕೆಳಗಿನ ಅಂಚಿನಲ್ಲಿ
ಒಂದು ಎಡಗೈ. ಬೇಸ್ ಗಿಟಾರಿನ ಕತ್ತು.
ತೋರುಬೆರಳಿಗೆ ಪಟ್ಟಿ.

"ಅವತ್ತು ಬೆಳಿಗ್ಗೆ ಕೊಯ್ದುಕೊಂಡಿದ್ದೆ, ಕಾಡ್ ಮೀನು ಸೀಳುವಾಗ.
ಪಾಳಿ ಮುಗಿಸಿ, ಕೈ ಮೂರು ಸಲ ತೊಳೆದು, ರೈಲು ಹತ್ತಿದ್ದು.
ಆದರೂ ಮೇಕಪ್ಪಿನ ಹುಡುಗಿ ಮೂಗು ತಿರುಗಿಸಿದಳು.
ಸೊಸೆಗೆ ಹೇಳಿದರೆ ನಗುತ್ತಾಳೆ.
ಮೊಮ್ಮಗ ಹುಡುಕಿ ತೋರಿಸುತ್ತಾನೆ,
ನುಡಿಸಿದ್ದು ಲಂಡನ್ನಿನ ಯಾರೋ ಗಂಡಸು ಅಂತ.
ಸುಳ್ಳೂ ಅಲ್ಲ. ರೆಕಾರ್ಡಿನಲ್ಲಿ ಅವನೇ.
ನನ್ನದು ತುಂಬ ಓಡಾಡುತ್ತೆ ಅಂದರು ಪ್ರೊಡ್ಯೂಸರು."

ಟೀವಿಯಲ್ಲಿ ರೆಕಾರ್ಡು ಹಾಕುತ್ತಿದ್ದರು, ತುಟಿ ಆಡಿಸಿದರೆ ಸಾಕು.
ಗಿಟಾರಿಗೆ ವೈರೇ ಇರಲಿಲ್ಲ ಎನ್ನುತ್ತಾರೆ.
ನೋಡಿದೆ. ನಿಜ, ಇಲ್ಲ.
ಆದರೆ ಕಿವಿಗೆ ಬೀಳುತ್ತಿರುವುದನ್ನು ಬೆರಳು ನುಡಿಸುತ್ತಿಲ್ಲ.
ಲಂಡನ್ನಿನವನು ಒಂದೇ ಮೆಟ್ಟಿನ ಮೇಲೆ ದಪ್ಪಗೆ ಕೂತಿದ್ದಾನೆ;
ಪಟ್ಟಿ ಕಟ್ಟಿದ ಬೆರಳು ಮೂರು ಮೆಟ್ಟು ಜಿಗಿದು,
ಇಳಿದು, ತಡೆದು, ಮತ್ತೆ

"ನನ್ನದನ್ನೇ ನುಡಿಸಿದೆ," ಅಂದರು ಥೆಲ್ಮಾ.
"ಯಾರಿಗೆ ಕೇಳಿಸುತ್ತಿತ್ತು?"

ಸದ್ದು ಕಳೆದೆ. ಇನ್ನೊಮ್ಮೆ ಓಡಿಸಿದೆ.
ಶೆಡ್ಡಿನ ತಗಡಿನ ಮೇಲೆ ಕಡಲಕ್ಕಿ ನಡೆವ ಸಪ್ಪಳ.
ಮೇಜಿನಡಿ ಅವರ ಬೂಟು ತಾಳ ಹಿಡಿಯಿತು,
ಪರದೆಗಿಂತ ಕೂದಲೆಳೆ ಹಿಂದೆ.
ನಾಲ್ಕು ಸೆಕೆಂಡು. ಒಂದೊಂದಾಗಿ ಎಣಿಸಿದೆ:
ನೂರಾ ಮೂರು ಚೌಕಟ್ಟು.

ಈಗಿನ ಟೀವಿ ಅಗಲ, ಹಳೆಯ ಚಿತ್ರ ಚೌಕ.
ಮೇಲೊಂದಿಷ್ಟು ಕೆಳಗೊಂದಿಷ್ಟು ಕತ್ತರಿಸಿ
ಪರದೆ ತುಂಬಿಸಿ ಕೊಡಿ ಎಂದು ಕಂಪನಿಯ ಪತ್ರ.
ಗದ್ದ ಇನ್ನೂ ದೊಡ್ಡದಾಗುತ್ತದೆ.
ಶುಕ್ರವಾರದೊಳಗೆ.

ಕತ್ತರಿ ಎಲ್ಲಿ ಬೀಳುತ್ತದೆಂದು ಮೇಣದ ಪೆನ್ಸಿಲಿನಲ್ಲಿ
ಗಾಜಿನ ಮೇಲೆ ಗೆರೆ ಎಳೆದು ತೋರಿಸಿದೆ.
ಕನ್ನಡಕ ಏರಿಸಿ ನೋಡಿದರು. ಬೆರಳೆಲ್ಲ ಗೆರೆಯ ಕೆಳಗೆ.
ಏನೂ ಅನ್ನಲಿಲ್ಲ. ಸಹಿಯ ಕಾಗದ ಮಡಚಿ
ಸಂತೆಚೀಲದಲ್ಲಿ ಆಲೂಗಡ್ಡೆಯ ಅಡಿಗೆ ತುರುಕಿದರು.
ಬಾಗಿಲಲ್ಲಿ ನಿಂತು, "ಅಂದಹಾಗೆ,
ಕುದುರೆ ಯಾವುದು ಗೆದ್ದದ್ದು?"

ಮೂರನೇ ನಂಬರು, ಒಂದು ಮೂಗಿನಷ್ಟು.
ಡಾಕ್ಟರು ಅದರ ಮೇಲೆ ದುಡ್ಡು ಕಟ್ಟಿದ್ದಿರಬೇಕು.